ಹೊಳೆ ದಂಡೆಯಲ್ಲಿ ಒಂದು ಬೊಗಸೆ ನೀರು

ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಆವತ್ತು ನನಗೆ ಉತ್ತರ ಹೇಳಲು ಆಗಲಿಲ್ಲ. ಎರಡು ಮಳೆಗಾಲ ಕಳೆದಿದೆ, ಆ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಅಡುಗೆ ಮನೆಯಲ್ಲಿ ನಲ್ಲಿ ತಿರುಗಿಸುವಾಗ ನೆನಪಾಗುತ್ತದೆ, ನಮಾಝಿಗೆ ಕೈಕಾಲು ತೊಳೆಯುವಾಗ ನೆನಪಾಗುತ್ತದೆ. ಬರೆದರೆ ನನಗೇ ಸ್ವಲ್ಪ ಸ್ಪಷ್ಟ ಆಗಬಹುದು ಅಂತ ಈಗ ಕೂತಿದ್ದೇನೆ.

ನಮ್ಮ ಮನೆ ಇರುವುದು ಕೊಡಗಿನ ಸಿದ್ದಾಪುರದ ಹತ್ತಿರ, ಕಾವೇರಿ ಹೊಳೆಯಿಂದ ಕೂಗಳತೆ ದೂರದಲ್ಲಿ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಅಕ್ಕಪಕ್ಕದ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ತರಗತಿ ಅನ್ನುವಷ್ಟು ದೊಡ್ಡದೇನಲ್ಲ. ಮದ್ರಸದಲ್ಲಿ ಉಸ್ತಾದರು ಓದಿಸಿದ್ದನ್ನು ನಾನು ಕನ್ನಡದಲ್ಲಿ ಕಥೆ ಮಾಡಿ ಹೇಳುತ್ತೇನೆ. ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ ಇಲ್ಲೂ ನಾನು ಮಕ್ಕಳಿಗೆ ಟೀಚರೇ. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ, ಓದುವುದು ಅರಬಿ. ಇಷ್ಟರ ಮಧ್ಯೆ ಮಕ್ಕಳಿಗೆ ಕಥೆ ಒಂದೇ ಚೆನ್ನಾಗಿ ಹಿಡಿಯುತ್ತದೆ.

ಆ ಭಾನುವಾರ ವುಳೂ ಬಗ್ಗೆ, ಅಂದರೆ ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವುದರ ಬಗ್ಗೆ ಮಾತು. ಹೊರಗೆ ಕಕ್ಕಡ ತಿಂಗಳ ಮಳೆ, ಅಂಗಳ ಪೂರ್ತಿ ನೀರು. ಸಅದ್ (ರ) ಅನ್ನುವ ಸಹಾಬಿ (ಪ್ರವಾದಿಯವರ ಸಂಗಾತಿ) ವುಳೂ ಮಾಡುತ್ತಿದ್ದಾಗ ಪ್ರವಾದಿಯವರು (ಸ) ಆ ದಾರಿಯಲ್ಲಿ ಬಂದ ಕಥೆ ಹೇಳುತ್ತಿದ್ದೆ. ಏನಿದು ಇಷ್ಟು ನೀರು ಪೋಲು ಮಾಡುತ್ತಿದ್ದೀಯಲ್ಲ ಅಂತ ಪ್ರವಾದಿಯವರು ಕೇಳಿದರಂತೆ. ವುಳೂವಿನಲ್ಲೂ ಪೋಲು ಅನ್ನುವುದು ಇದೆಯೇ ಅಂತ ಸಅದ್ ಕೇಳಿದರು. ಹೌದು, ನೀನು ಹರಿಯುವ ಹೊಳೆಯ ದಂಡೆಯಲ್ಲಿ ಇದ್ದರೂ ಇದೆ ಅಂದರು ಪ್ರವಾದಿಯವರು. ಇಬ್ನು ಮಾಜ ಅವರ ಸಂಗ್ರಹದಲ್ಲಿ ಇರುವ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಇದು.

ನಾಲ್ಕನೇ ಕ್ಲಾಸಿನ ಹುಡುಗ ಒಬ್ಬ ಕೈ ಎತ್ತಿದ. "ಟೀಚರ್, ಇಲ್ಲಿ ಹೊಳೆ ತುಂಬಿ ನಮ್ಮ ಮನೆ ಒಳಗೇ ಬರ್ತದೆ. ನೀರು ಉಳಿಸಿ ಏನು ಮಾಡೋದು?"

ಬೇರೆ ಮಕ್ಕಳು ನಕ್ಕರು. ಅವನು ನಗಲಿಲ್ಲ. ತಮಾಷೆಗೆ ಕೇಳಿದ್ದಲ್ಲ ಅದು. 2019ರ ಆಗಸ್ಟಿನಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ಹೊಳೆ ಏರಿದಾಗ ನೀರು ನುಗ್ಗಿದ ಮನೆಗಳಲ್ಲಿ ಅವನ ಮನೆಯೂ ಒಂದು. ಆಗ ಅವನು ಉಮ್ಮನ ಸೊಂಟದಲ್ಲಿದ್ದ ಮಗು. ನೆನಪಿರಲಿಕ್ಕಿಲ್ಲ, ಆದರೆ ಮನೆಯಲ್ಲಿ ಪ್ರತಿ ಮಳೆಗಾಲಕ್ಕೂ ಅದೇ ಮಾತು. ಅವನ ಪಾಲಿಗೆ ನೀರು ಅಂದರೆ ಕಡಿಮೆ ಬೀಳುವ ವಸ್ತು ಅಲ್ಲ. ಜಾಸ್ತಿಯಾಗಿ ಹೆದರಿಸುವ ವಸ್ತು.

ಶಾಲೆಯಲ್ಲಿ ಹೇಳುವುದನ್ನೇ ಹೇಳಿದೆ. ಬೇಸಿಗೆಯಲ್ಲಿ ನೀರು ಸಿಗುವುದಿಲ್ಲ ಅಲ್ವಾ, ಬಾವಿ ಇಳಿಯುತ್ತದೆ ಅಲ್ವಾ. ಅದು ಸುಳ್ಳೇನೂ ಅಲ್ಲ. 2024ರ ಮಾರ್ಚಿನಲ್ಲಿ ಇದೇ ಕಾವೇರಿ ಬಂಡೆಗಳ ಮಧ್ಯೆ ಸಣ್ಣ ತೋಡಿನ ಹಾಗೆ ಹರಿಯುತ್ತಿದ್ದದ್ದನ್ನು ಮಕ್ಕಳೇ ನೋಡಿದ್ದಾರೆ. ಕಾಫಿ ಹೂ ಅರಳಿಸಲಿಕ್ಕೆ ತೋಟದವರು ಹೊಳೆಗೂ ತೋಡಿಗೂ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕುವ ಹೊತ್ತು ಅದು. ಇಲ್ಲಿಂದ ಹೋದ ನೀರೇ ಕನ್ನಂಬಾಡಿ ದಾಟಿ ಹೋಗಿ ಬೆಂಗಳೂರಿನವರ ಲೋಟ ತುಂಬುತ್ತದೆ ಅಂತಲೂ ಹೇಳಿದೆ. ಹುಡುಗ ತಲೆಯಾಡಿಸಿದ. ಒಪ್ಪಿ ಅಲ್ಲ, ಟೀಚರ್ ಹೇಳಿದ್ದಾರೆ ಅಂತ. ಈಗ ನಾನು ಇಲ್ಲಿ ಕಡಿಮೆ ನೀರು ಬಳಸಿದರೆ ಬೆಂಗಳೂರಿಗೆ ಹೋಗ್ತದಾ ಅಂತ ಕೇಳಿದ್ದರೆ, ಈ ಮಳೆಯಲ್ಲಿ ನಾನು ಏನು ಹೇಳುತ್ತಿದ್ದೆ?

ರಾತ್ರಿ ಮಲಗಿದಾಗ ಹೊಳೆದದ್ದು ಇಷ್ಟು. ಆ ಹದೀಸಿನಲ್ಲಿ ಕಾರಣವನ್ನೇ ಕೊಟ್ಟಿಲ್ಲ. ನೀರು ಮುಗಿಯುತ್ತದೆ ಅಂತ ಹೇಳಿಲ್ಲ, ಹರಿಯುವ ಹೊಳೆ ಅಂದಾಗಲೇ ಮುಗಿಯುವ ಮಾತನ್ನು ಪಕ್ಕಕ್ಕೆ ಇಟ್ಟಾಯಿತು. ಒಂದು ಬೊಗಸೆ ಜಾಸ್ತಿ ತೆಗೆದರೆ ಹೊಳೆಗೆ ಏನೂ ಆಗುವುದಿಲ್ಲ. ಆದರೂ ಬೇಡ. ಅಂದರೆ ಈ ಮಾತು ಇರುವುದು ಹೊಳೆಯ ಬಗ್ಗೆ ಅಲ್ಲ, ನೀರು ತೆಗೆಯುವ ಕೈಯ ಬಗ್ಗೆ. ನಾನು ಮಾತ್ರ ಕೊರತೆಯ ಲೆಕ್ಕದಿಂದ ಮಕ್ಕಳನ್ನು ಒಪ್ಪಿಸಲು ಹೋಗಿದ್ದೆ. ಕೊಡಗಿನಲ್ಲಿ ಆ ಲೆಕ್ಕ ಅರ್ಧ ವರ್ಷ ನಡೆಯುವುದೇ ಇಲ್ಲ.

ವಲ್ಯುಮ್ಮನ ಕಿಂಡಿ

ನನ್ನ ಅಜ್ಜಿಯನ್ನು ನಾವು ವಲ್ಯುಮ್ಮ ಅನ್ನುತ್ತಿದ್ದೆವು. ಅವರ ಕಾಲದಲ್ಲಿ ನಮ್ಮ ಮನೆ ಜಗಲಿಯ ಮೂಲೆಯಲ್ಲಿ ಒಂದು ಹಿತ್ತಾಳೆ ಕಿಂಡಿ ಇರುತ್ತಿತ್ತು. ಕೊಡವರ ಮದುವೆಯಲ್ಲಿ ಹಾಲು ಕೊಡಲು ಇಟ್ಟುಕೊಳ್ಳುತ್ತಾರಲ್ಲ, ಮೂತಿ ಇರುವ ಪಾತ್ರೆ, ಅಂಥದ್ದೇ. ಹೊರಗಿಂದ ಬಂದವರು ಅದರಲ್ಲಿ ಕಾಲು ತೊಳೆದು ಒಳಗೆ ಬರಬೇಕು. ವಲ್ಯುಮ್ಮ ವುಳೂ ಮಾಡುತ್ತಿದ್ದದ್ದೂ ಅದರಲ್ಲೇ. ಆ ಮೂತಿಯಿಂದ ನೀರು ಬರುವುದೇ ನೂಲಿನಷ್ಟು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆ, ಕಾಲು, ಎಲ್ಲಾ ಮುಗಿದ ಮೇಲೂ ತಳದಲ್ಲಿ ಸ್ವಲ್ಪ ಮಿಗುತ್ತಿತ್ತು. ಅದನ್ನು ಚೆಲ್ಲಿ ಬರುತ್ತಿರಲಿಲ್ಲ. ಮೆಟ್ಟಿಲು ಇಳಿದು ಕರಿಬೇವಿನ ಗಿಡದ ಬುಡಕ್ಕೆ ಹಾಕಿಯೇ ನಮಾಝಿಗೆ ನಿಲ್ಲುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಪರಿಸರ ಅನ್ನುವ ಮಾತನ್ನು ಅವರ ಬಾಯಲ್ಲಿ ಒಂದು ದಿನವೂ ಕೇಳಿದ್ದಿಲ್ಲ. ಬಾವಿಯಿಂದ ಸೇದಿದವರಿಗೆ ನೀರಿನ ತೂಕ ತೋಳಿಗೆ ಗೊತ್ತಿರುತ್ತದೆ, ಅದೂ ಒಂದು ಕಾರಣ ಇರಬಹುದು. ಆದರೆ ಮನೆಗೆ ನಲ್ಲಿ ಬಂದ ಮೇಲೂ ಅವರು ಕಿಂಡಿ ಬಿಡಲಿಲ್ಲ.

ಮುಂದಿನ ಭಾನುವಾರ ಅಟ್ಟದಿಂದ ಆ ಕಿಂಡಿ ಇಳಿಸಿದೆ. ಹುಣಸೆಹಣ್ಣು ಹಾಕಿ ಉಜ್ಜಿದೆ. ಮಾತು ಕಡಿಮೆ ಮಾಡಿ ಅಳೆದು ತೋರಿಸೋಣ ಅನ್ನಿಸಿತ್ತು.

ಪ್ರವಾದಿಯವರು ವುಳೂ ಮಾಡುತ್ತಿದ್ದದ್ದು ಒಂದು ಮುದ್ದ್ ನೀರಿನಲ್ಲಿ, ಸ್ನಾನ ಮಾಡುತ್ತಿದ್ದದ್ದು ಒಂದು ಸ್ವಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಅಂತ ಅನಸ್ (ರ) ಅನ್ನುವ ಸಹಾಬಿ ಹೇಳಿದ್ದು ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಸಅದ್ ಅವರ ಕಥೆಯ ಸನದ್ (ಯಾರಿಂದ ಯಾರು ಕೇಳಿ ಹೇಳಿದರು ಅನ್ನುವ ಸರಣಿ) ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟು, ಇದರ ಬಗ್ಗೆ ಇಲ್ಲ. ಮುದ್ದ್ ಅಂದರೆ ಏನು? ಸಾಧಾರಣ ಮೈಕಟ್ಟಿನ ಒಬ್ಬ ಗಂಡಸಿನ ಎರಡೂ ಕೈ ಸೇರಿಸಿದ ಬೊಗಸೆ. ನಾಲ್ಕು ಮುದ್ದ್ ಸೇರಿದರೆ ಒಂದು ಸ್ವಾಅ್. ಸ್ವಾಅ್ ಮಕ್ಕಳಿಗೆ ಗೊತ್ತು. ಚಿಕ್ಕ ಪೆರ್ನಾಳಿಗೆ (ರಂಝಾನ್ ಹಬ್ಬಕ್ಕೆ) ಮುಂಚೆ ತಲೆಗೆ ಒಂದು ಸ್ವಾಅ್ ಅಕ್ಕಿ ಅಂತ ಫಿತ್ರ್ ಝಕಾತ್ ಅಳೆದು ಕೊಡುವುದನ್ನು ಪ್ರತಿ ವರ್ಷ ನೋಡುತ್ತಾರೆ. ಬಡವರಿಗೆ ಕೊಡುವಾಗ ಅಳೆಯುವ ಅಳತೆಯೂ ನಾವು ನೀರು ತೆಗೆದುಕೊಳ್ಳುವಾಗಿನ ಅಳತೆಯೂ ಒಂದೇ ಅಂತ ಗೊತ್ತಾದಾಗ ಒಬ್ಬಳು ಹುಡುಗಿ "ಹೌದಾ!" ಅಂತ ಎದ್ದೇ ನಿಂತಳು. ನನಗೂ ಅದು ಹೊಸದೇ, ಓದಿ ಗೊತ್ತಿತ್ತು, ಹಾಗೆ ಯೋಚನೆ ಮಾಡಿರಲಿಲ್ಲ.

ನೀರು ಬೊಗಸೆಯಲ್ಲಿ ಸೋರಿಹೋಗುತ್ತದಲ್ಲ, ಅದಕ್ಕೆ ಅಕ್ಕಿಯಲ್ಲಿ ಅಳೆದೆವು. ನಮ್ಮ ಮನೆಯವರನ್ನು ಕರೆದು ಬೊಗಸೆ ಒಡ್ಡಲು ಹೇಳಿದೆ. ಮಕ್ಕಳು ಅದರಲ್ಲಿ ಅಕ್ಕಿ ತುಂಬಿದರು, ಆ ಅಕ್ಕಿಯನ್ನು ಒಂದು ಪಾತ್ರೆಗೆ ಸುರಿದು ಎಲ್ಲಿಗೆ ಬಂತು ಅಂತ ಗುರುತು ಹಾಕಿದೆವು. ಆಮೇಲೆ ಅಕ್ಕಿ ತೆಗೆದು ಅದೇ ಗುರುತಿಗೆ ನೀರು. ನಮ್ಮ ಚಾ ಲೋಟದಲ್ಲಿ ನಾಲ್ಕು ಲೋಟಕ್ಕೆ ಸ್ವಲ್ಪ ಜಾಸ್ತಿ. ಕಿಂಡಿಗೆ ಹಾಕಿದರೆ ಅದರ ಹೊಟ್ಟೆಯೂ ತುಂಬಲಿಲ್ಲ. ಇಷ್ಟರಲ್ಲಿ ಆಗುವುದೇ ಇಲ್ಲ ಅಂತ ಎಲ್ಲರೂ ಅಂದರು. ಮೊದಲು ನಲ್ಲಿಯಲ್ಲಿ ಮಾಡಿ ನೋಡೋಣ ಅಂತ ಒಬ್ಬನನ್ನು ನಿಲ್ಲಿಸಿ ಕೆಳಗೆ ಬಕೆಟ್ ಇಟ್ಟೆ. ದಿನಾ ಹೇಗೆ ಮಾಡುತ್ತೀಯೋ ಹಾಗೇ ಮಾಡು ಅಂದೆ. ಅವನು ಕಾಲು ತೊಳೆದು ಮುಗಿಸುವಾಗ ಬಕೆಟ್ ಅರ್ಧ ದಾಟಿತ್ತು. ಯಾರೂ ಮಾತಾಡಲಿಲ್ಲ. ಬಕೆಟನ್ನೂ ಕಿಂಡಿಯನ್ನೂ ಪಕ್ಕ ಪಕ್ಕ ಇಟ್ಟು ಸುಮ್ನೆ ನೋಡಿದರು.

ಆಮೇಲೆ ಜೋಡಿ ಜೋಡಿಯಾಗಿ ಮಾಡಿದರು, ಒಬ್ಬರು ಕಿಂಡಿ ಹಿಡಿಯುವುದು, ಇನ್ನೊಬ್ಬರು ತೊಳೆಯುವುದು. ಮೊದಲ ಮೂರು ಜೋಡಿಗೆ ಕಾಲಿಗೆ ಬರುವಷ್ಟರಲ್ಲಿ ನೀರು ಮುಗಿಯಿತು. ನಾಲ್ಕನೆಯವರಿಗೆ ಸರಿಯಾಯಿತು. ನೀರು ಕಡಿಮೆ ಇದ್ದಾಗ ಕೈ ನಿಧಾನ ಆಗುತ್ತದೆ, ಬೆರಳ ಸಂದಿಯನ್ನೆಲ್ಲ ಉಜ್ಜಿ ತೊಳೆಯಬೇಕಾಗುತ್ತದೆ. ನಲ್ಲಿಯ ಕೆಳಗೆ ನಾವು ಒದ್ದೆ ಆಗುತ್ತೇವೆ ಅಷ್ಟೇ. ಮೊದಲೆಲ್ಲ ಮಸೀದಿಗಳಲ್ಲಿ ಹೌಳ್ ಇತ್ತು, ಆ ನೀರಿನ ತೊಟ್ಟಿಯ ಸುತ್ತ ಕೂತು ಎಲ್ಲರೂ ವುಳೂ ಮಾಡುತ್ತಿದ್ದರು. ನೀರು ಎಷ್ಟಿದೆ, ಎಷ್ಟು ಇಳಿಯಿತು ಅಂತ ಕಣ್ಣಿಗೆ ಕಾಣುತ್ತಿತ್ತು. ಈಗ ನಲ್ಲಿಯ ಸಾಲು ಬಂದಿದೆ. ವಯಸ್ಸಾದವರಿಗೆ ಅದರಿಂದ ಅನುಕೂಲವೇ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅಂತ ಮಗುವಿಗೆ ಕಾಣುವುದು ನಿಂತುಹೋಯಿತು.

ಚಗಳಿ ಗೂಡು

ನೀರಿನ ಪಾಠಕ್ಕಿಂತ ಕಷ್ಟದ್ದು ಚಗಳಿ ಇರುವೆಯದು. ತೋಟದಲ್ಲಿ ಕೆಲಸ ಮಾಡಿದವರಿಗೆ ಅದರ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲೆಗಳನ್ನು ಹೊಲಿದು ಗೂಡು ಮಾಡುತ್ತದೆ, ಗೊತ್ತಾಗದೆ ಮುಟ್ಟಿದರೆ ಕುತ್ತಿಗೆ ತೋಳು ಎಲ್ಲಾ ಹತ್ತಿಕೊಳ್ಳುತ್ತದೆ. ಕರಿಮೆಣಸು ಕೊಯ್ಯುವಾಗ ಏಣಿಯ ಮೇಲೆ ಇದ್ದವನಿಗೆ ಅದು ಹತ್ತಿದರೆ ಕೆಳಗೆ ಬೀಳುವುದೂ ಉಂಟು. ಒಂದು ದಿನ ಇಬ್ಬರು ಹುಡುಗರು ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚಿ ಹಾಲುವಾಣದ ಮರದ ಮೇಲಿದ್ದ ಗೂಡು ಸುಟ್ಟು ಬಂದರು. ಅಣ್ಣನಿಗೆ ಕಚ್ಚಿತ್ತಂತೆ. ಬಂದು ನನ್ನ ಹತ್ತಿರ ಹೆಮ್ಮೆಯಿಂದಲೇ ಹೇಳಿದರು.

ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ಬುಖಾರಿಯಲ್ಲಿ ಇರುವ ಒಂದು ಕಥೆ ಹೇಳಿದೆ. ಹಿಂದಿನ ಕಾಲದ ಒಬ್ಬ ಪ್ರವಾದಿ ಮರದ ಕೆಳಗೆ ಇಳಿದುಕೊಂಡಿದ್ದಾಗ ಒಂದು ಇರುವೆ ಕಚ್ಚಿತು. ಅವರು ಗೂಡನ್ನೇ ಸುಡಿಸಿಬಿಟ್ಟರು. ಆಗ ಅಲ್ಲಾಹನಿಂದ ಮಾತು ಬಂತು: ಕಚ್ಚಿದ್ದು ಒಂದು ಇರುವೆ, ಆ ಒಂದೇ ಸಾಕಾಗಿತ್ತಲ್ಲ? ಕುರ್‌ಆನಿನಲ್ಲಿ ಇರುವೆಯ ಹೆಸರಿನಲ್ಲೇ ಒಂದು ಸೂರ (ಅಧ್ಯಾಯ) ಉಂಟು, ಅನ್ನಮ್ಲ್. ಪ್ರವಾದಿ ಸುಲೈಮಾನ್ ಅವರ ಸೈನ್ಯ ಬರುವಾಗ ಒಂದು ಇರುವೆ ಉಳಿದವರಿಗೆ ಗೂಡೊಳಗೆ ಹೋಗಿ, ಅವರಿಗೆ ಗೊತ್ತಾಗದೆ ನಿಮ್ಮನ್ನು ತುಳಿದಾರು ಅಂತ ಹೇಳುತ್ತದೆ. ಅದನ್ನು ಕೇಳಿ ಸುಲೈಮಾನ್ ನಸುನಗುತ್ತಾರೆ. ಮಕ್ಕಳಿಗೆ ಇದು ಮದ್ರಸದಲ್ಲೇ ಗೊತ್ತಿತ್ತು. ತೋಟದ ಚಗಳಿಯೂ ಅದೇ ಇರುವೆ ಅಂತ ಮಾತ್ರ ಯಾರೂ ಜೋಡಿಸಿ ನೋಡಿರಲಿಲ್ಲ.

"ಹಾಗಾದ್ರೆ ಕಚ್ಚಿದ್ದನ್ನು ಕೊಲ್ಲಬಹುದಾ ಟೀಚರ್?" ಅಂತ ಅವರಲ್ಲಿ ಚಿಕ್ಕವನು ಕೇಳಿದ.

ಕಚ್ಚಿದ್ದನ್ನು ತಳ್ಳು, ಸತ್ತರೆ ಸತ್ತಿತು, ಊರನ್ನೇ ಸುಡಬೇಡ ಅಂದೆ. ನನಗೆ ಈ ಕಥೆಯಲ್ಲಿ ಹಿಡಿಸುವುದು ಅದೇ. ಇರುವೆ ಕಚ್ಚುವುದೇ ಇಲ್ಲ ಅಂತ ಅದು ಹೇಳುವುದಿಲ್ಲ. ಕೊಡಗಿನಲ್ಲಿ ಮಕ್ಕಳಿಗೆ ಪ್ರಾಣಿಗಳನ್ನು ಪ್ರೀತಿಸಿ ಅಂತ ಬರೀ ಬಾಯಿಮಾತಿನಲ್ಲಿ ಹೇಳಿದರೆ ಅವರು ನಂಬುವುದಿಲ್ಲ, ಯಾಕೆಂದರೆ ಆನೆ ದಾಳಿಗೆ ಸಿಕ್ಕಿ ಸತ್ತವರ ಸುದ್ದಿ ಅವರಿಗೆ ಪೇಪರಿನದ್ದಲ್ಲ, ಪಕ್ಕದ ತೋಟದ ಕೂಲಿಯವರ ಲೈನ್‌ಮನೆಯದ್ದು. ಭೂಮಿಯ ಮೇಲೆ ನಡೆಯುವ ಪ್ರಾಣಿಯೂ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಯೂ ನಿಮ್ಮಂಥ ಸಮುದಾಯಗಳೇ ಅಂತ ಕುರ್‌ಆನ್ (6:38) ಹೇಳುತ್ತದೆ. ಸಮುದಾಯ ಅಂದರೆ ಅದಕ್ಕೂ ದಾರಿ ಬೇಕು, ನೀರು ಬೇಕು, ಮರಿ ಸಾಕಬೇಕು. ಅಕ್ಕಪಕ್ಕದವರ ಜೊತೆ ಜಗಳ ಬರುವುದು ಬೇರೆ, ಅವರು ಇಲ್ಲದೇ ಹೋಗಲಿ ಅನ್ನುವುದು ಬೇರೆ. ಆ ಹುಡುಗರು ಆಮೇಲೆ ಗೂಡು ಸುಟ್ಟಿದ್ದನ್ನು ನಾನು ನೋಡಿಲ್ಲ. ಮೆಣಸು ಕೊಯ್ಯುವವರು ಏಣಿ ಇಡುವ ಮುಂಚೆ "ಇಲ್ಲಿ ಗೂಡು ಉಂಟು" ಅಂತ ಕೂಗಿ ಹೇಳುವ ಕೆಲಸ ಅವರೇ ಹಿಡಿದಿದ್ದಾರೆ, ಅದಂತೂ ನಿಜ.

ಇನ್ನೊಂದು ಮಾತು, ಈ ಜಾಗದ್ದು. ನಮ್ಮ ಮಕ್ಕಳು ದೇವರಕಾಡಿನ ಪಕ್ಕದಲ್ಲೇ ಶಾಲೆಗೆ ನಡೆದು ಹೋಗುತ್ತಾರೆ. ಕೊಡಗಿನಲ್ಲಿ 1200ಕ್ಕೂ ಮೇಲೆ ದೇವರಕಾಡುಗಳಿವೆ, ಒಳಗೆ ಕೊಡಲಿ ಹಾಕಬಾರದು ಅನ್ನುವುದು ಊರಿನ ಕಟ್ಟು. ಒತ್ತುವರಿಯೂ ಆಗಿದೆ, ಆದರೂ ಎಷ್ಟೋ ಕಡೆ ಆ ಕಟ್ಟಿನಿಂದಲೇ ಹಳೇ ಮರಗಳು ನಿಂತಿವೆ. ಅದು ಅವರದ್ದು, ನಮಗೆ ಸಂಬಂಧ ಇಲ್ಲ ಅಂತ ಒಬ್ಬ ಹುಡುಗ ಅಂದಾಗ ಮದೀನದ ಮಾತು ಹೇಳಿದೆ. ಮದೀನದ ಸುತ್ತಿನ ಜಾಗವನ್ನು ಪ್ರವಾದಿಯವರು ಹರಂ (ಪವಿತ್ರ ಜಾಗ) ಅಂತ ಗೊತ್ತುಮಾಡಿದ್ದರು, ಅಲ್ಲಿ ಮರ ಕಡಿಯುವ ಹಾಗಿಲ್ಲ, ಬೇಟೆ ಆಡುವ ಹಾಗಿಲ್ಲ. ನಮ್ಮ ನಂಬಿಕೆ ಬೇರೆ, ಅವರ ನಂಬಿಕೆ ಬೇರೆ. ಕೊಡಲಿ ಕೆಳಗಿಡು ಅನ್ನುವ ಮಾತು ಮಾತ್ರ ನಮಗೂ ಹೊಸತಲ್ಲ ಅಂದೆ.

ಹೆದರಿಸಿ ಕಲಿಸಬಾರದು

2018ರಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿತು. ಮರುವರ್ಷ ವಿರಾಜಪೇಟೆ ಕಡೆಯ ತೋರ, ಅದರ ಮುಂದಿನ ವರ್ಷ ತಲಕಾವೇರಿಯಲ್ಲಿ ಬ್ರಹ್ಮಗಿರಿ. ಆ ವರ್ಷಗಳಲ್ಲಿ ಒಂದು ಆಯತ್ (ಕುರ್‌ಆನಿನ ವಚನ) ಎಲ್ಲ ಕಡೆ ಕೇಳಿಬರುತ್ತಿತ್ತು, ಸೂರ ಅರ್ರೂಮಿನದ್ದು (30:41): ಜನರ ಕೈಗಳು ಮಾಡಿದ್ದರಿಂದ ನೆಲದಲ್ಲೂ ನೀರಿನಲ್ಲೂ ಕೇಡು ಕಾಣಿಸಿಕೊಂಡಿದೆ. ಆಯತ್ ಸತ್ಯ. ಆದರೆ ಅದನ್ನು ಹೇಳುವ ರೀತಿಯಿಂದ ಮಕ್ಕಳಿಗೆ ಏನು ಅರ್ಥ ಆಗುತ್ತದೆ ಅಂತ ನಾವು ಯೋಚಿಸಲಿಲ್ಲ.

2019ರಲ್ಲಿ ನೆರೆ ಬಂದವರಿಗಾಗಿ ಒಂದು ಶಾಲೆಯಲ್ಲಿ ಪರಿಹಾರ ಕೇಂದ್ರ ತೆರೆದಿದ್ದರು, ನಾನು ಅಲ್ಲಿ ಅಡುಗೆಗೆ ಸಹಾಯಕ್ಕೆ ಹೋಗುತ್ತಿದ್ದೆ. ಎಂಟು ಒಂಬತ್ತು ವರ್ಷದ ಹುಡುಗಿಯೊಬ್ಬಳು ಬೆಂಚಿನ ಮೇಲೆ ಪುಸ್ತಕದ ಹಾಳೆಗಳನ್ನು ಒಂದೊಂದೇ ಬಿಡಿಸಿ ಒಣಗಿಸುತ್ತಿದ್ದಳು. ಗಂಜಿ ಕೊಡಲು ಹೋದಾಗ ಕೇಳಿದಳು, "ನಾವು ಏನು ತಪ್ಪು ಮಾಡಿದ್ದು?" ಯಾರೋ ಹೇಳಿದ್ದರಂತೆ, ಇದು ನಮ್ಮ ಕೈ ಮಾಡಿದ್ದಕ್ಕೆ ಬಂದದ್ದು ಅಂತ. ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ಹೊಳೆ ದಂಡೆಯಲ್ಲಿ ಮನೆ ಕಟ್ಟಿಕೊಂಡವರು ಬೇರೆ ಜಾಗ ಇಲ್ಲದ ಕೂಲಿಯವರು. ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ಸಮತಟ್ಟು ಮಾಡಿದ ಕೈ ಅವರದ್ದಲ್ಲ. ಇಳಿಜಾರನ್ನು ಹಾಗೆ ಕಡಿದದ್ದೂ ಜಾರಲು ಒಂದು ಕಾರಣ ಅಂತ ಭೂವಿಜ್ಞಾನದವರೂ ಹೇಳಿದರು, ಅಷ್ಟು ಮಳೆ ಬಂದದ್ದೂ ನಿಜ. "ನೀನು ಏನೂ ತಪ್ಪು ಮಾಡಿಲ್ಲ ಮೋಳೆ (ಮಗಳೇ)" ಅಂತ ಹೇಳಿ ಅವಳ ಪಕ್ಕದಲ್ಲಿ ಕೂತು ನಾನೂ ಹಾಳೆ ಬಿಡಿಸಿದೆ. ಆವತ್ತೇ ತೀರ್ಮಾನ ಮಾಡಿದ್ದು, ಶಿಕ್ಷೆಯ ಮಾತಿನಿಂದ ಮಕ್ಕಳಿಗೆ ಪರಿಸರ ಕಲಿಸುವುದಿಲ್ಲ ಅಂತ. ಆ ಆಯತ್ತನ್ನು ದೊಡ್ಡವರಿಗೆ ಹೇಳಬೇಕು, ಜಾಗ ಮಾರುವವರಿಗೆ, ಕೊಳ್ಳುವವರಿಗೆ, ಹೋಂಸ್ಟೇಗೆ ರಸ್ತೆ ಕಡಿಸುವವರಿಗೆ, ಅದರಲ್ಲಿ ನಮ್ಮವರೂ ಇದ್ದಾರೆ. ಮಕ್ಕಳಿಗೆ ಗಿಡದ ಹದೀಸ್ ಸಾಕು: ಕೈಯಲ್ಲಿ ಒಂದು ಸಸಿ ಇರುವಾಗ ಕಿಯಾಮತ್ ದಿನವೇ, ಲೋಕ ಮುಗಿಯುವ ದಿನವೇ ಬಂದರೂ ಆಗುವುದಾದರೆ ಅದನ್ನು ನೆಟ್ಟುಬಿಡು. ಅದರಲ್ಲಿ ಹೆದರಿಕೆಯೇ ಇಲ್ಲ. ಯಾರು ತಿನ್ನುತ್ತಾರೆ, ಯಾವಾಗ ಹಣ್ಣು ಬಿಡುತ್ತದೆ ಅನ್ನುವ ಲೆಕ್ಕವೂ ಇಲ್ಲ. ಇದೂ ಹೊಳೆ ದಂಡೆಯ ಮಾತಿನ ಜಾತಿಯದ್ದೇ ಅಂತ ನನಗೆ ಈಗ ಅನ್ನಿಸುತ್ತದೆ.

ನೆರೆ ಇಳಿದ ಮೇಲೆ ದಂಡೆಯ ಬಿದಿರಿನಲ್ಲಿ, ಅತ್ತಿ ಮರದ ಕೊಂಬೆಗಳಲ್ಲಿ ಆಳೆತ್ತರಕ್ಕೆ ಪ್ಲಾಸ್ಟಿಕ್ ಕವರು ನೇತಾಡುತ್ತಿದ್ದವು. ನೀರು ಎಲ್ಲಿವರೆಗೆ ಬಂದಿತ್ತು ಅಂತ ಅವುಗಳಿಂದಲೇ ಗೊತ್ತಾಗುತ್ತಿತ್ತು. ಎಷ್ಟೋ ತಿಂಗಳು ಹಾಗೇ ಇದ್ದವು.

ದೊಡ್ಡವರ ಕೈ

ಮಕ್ಕಳು ನಮ್ಮ ಮಾತಿಗಿಂತ ಕೈಯನ್ನೇ ನೋಡುವುದು. ಒಂದು ವರ್ಷ ಮೀಲಾದ್ (ಪ್ರವಾದಿಯವರ ಹುಟ್ಟುಹಬ್ಬ) ಮೆರವಣಿಗೆಯಲ್ಲಿ ದಾರಿಯುದ್ದಕ್ಕೂ ಮಕ್ಕಳಿಗೆ ಶರಬತ್ತು, ಪಾಯಸ ಕೊಟ್ಟರು, ಎಲ್ಲಾ ಪ್ಲಾಸ್ಟಿಕ್ ಲೋಟದಲ್ಲಿ. ಕೊಟ್ಟವರ ಮನಸ್ಸು ದೊಡ್ಡದು. ಬೇರೆ ಸಮುದಾಯದವರೂ ನಿಂತು ನಮ್ಮ ಮಕ್ಕಳಿಗೆ ಸಿಹಿ ಹಂಚುತ್ತಾರೆ, ಅದನ್ನು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಮೆರವಣಿಗೆ ದಾಟಿದ ಮೇಲೆ ಆ ಚರಂಡಿ ನೋಡಲು ಆಗಲಿಲ್ಲ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆದು ಹಾಕುವುದೂ ಈಮಾನಿನ (ನಂಬಿಕೆಯ) ಒಂದು ಕೊಂಬೆ ಅಂತ ಹೇಳಿದವರ ಹೆಸರಿನಲ್ಲೇ ಆ ಮೆರವಣಿಗೆ. ನನ್ನ ಮಗಳು ಬಿಳಿ ಮಕ್ಕನ (ತಲೆವಸ್ತ್ರ) ಹಾಕಿಕೊಂಡೇ ಬಗ್ಗಿ ಲೋಟ ಹೆಕ್ಕಲು ಶುರು ಮಾಡಿದಳು. ಬಟ್ಟೆ ಕೊಳೆ ಆಗುತ್ತದೆ ಬಿಡು ಅಂತ ಒಬ್ಬರು ದೊಡ್ಡವರು ಅವಳ ಕೈ ಹಿಡಿದು ಎಬ್ಬಿಸಿದರು. ಪ್ರೀತಿಯಿಂದಲೇ. ಆ ಒಂದು ನಿಮಿಷದಲ್ಲಿ ಅವಳು ಕಲಿತದ್ದನ್ನು ನಾನು ಎಷ್ಟು ಭಾನುವಾರ ಕೂತು ತಿದ್ದಬೇಕು?

ಮಸೀದಿ ನೋಡಿಕೊಳ್ಳುವ ಮಹಲ್ ಕಮಿಟಿಯವರಿಗೆ ಹೇಳಿ ನೋಡಿದೆವು. ಇಲ್ಲ ಅನ್ನಲಿಲ್ಲ, ಮುಂದಿನ ಸಲ ನೋಡುವ ಅಂದರು. ಮುಂದಿನ ಸಲಕ್ಕೆ ಕಾಯದೆ ನಾವು ಏಳೆಂಟು ಹೆಂಗಸರು ಮನೆ ಮನೆಯಿಂದ ಸ್ಟೀಲ್ ಲೋಟ ಸೇರಿಸಿದೆವು, ತಳಕ್ಕೆ ಬಣ್ಣದ ಗುರುತು ಹಾಕಿ. ಒಂದು ಕಡೆಯ ಶರಬತ್ತಿಗೆ ಮಾತ್ರ ಸಾಕಾಯಿತು. ತೊಳೆಯುವ ಕೆಲಸ ಜಾಸ್ತಿ, ಅದನ್ನು ಮತ್ತೆ ಹೆಂಗಸರೇ ಮಾಡಬೇಕಾಗಿ ಬಂದದ್ದು ನನಗೆ ಸರಿ ಕಾಣಲಿಲ್ಲ, ಅದನ್ನೂ ಹೇಳಿದೆ. ಅದಾದ ಮುಂದಿನ ವರ್ಷ ದೊಡ್ಡ ಮದ್ರಸ ಹುಡುಗರು ಲುಂಗಿ ಎತ್ತಿ ಕಟ್ಟಿ ಲೋಟ ತೊಳೆಯಲು ಕೂತರು. ಉಳಿದ ಕಡೆ ಈಗಲೂ ಪ್ಲಾಸ್ಟಿಕ್ಕೇ.

ಪ್ರಶ್ನೆ ಕೇಳಿದ ಆ ಹುಡುಗ ಈಗ ಆರನೇ ಕ್ಲಾಸು. ಅವನಿಗೆ ನಾನು ಉತ್ತರ ಅಂತ ಏನನ್ನೂ ಹೇಳಲೇ ಇಲ್ಲ. ಹೋದ ತಿಂಗಳು ಒಂದು ಸಂಜೆ ಏನೋ ಕೊಡಲು ನಮ್ಮ ಮನೆಗೆ ಬಂದಿದ್ದ, ಮಳೆ ಜೋರಾಗಿ ಸಿಕ್ಕಿಬಿದ್ದ. ಅಷ್ಟರಲ್ಲಿ ಮಗ್ರಿಬ್, ಅಂದರೆ ಮುಸ್ಸಂಜೆ ನಮಾಝಿನ ಬಾಂಗ್ ಆಯಿತು. ವುಳೂ ಮಾಡಿಕೋ ಅಂದೆ. ನಲ್ಲಿ ಹತ್ತಿರ ಹೋಗದೆ ಅವನೇ ಕಿಂಡಿ ತೆಗೆದುಕೊಂಡು ಜಗಲಿಯ ಅಂಚಿನಲ್ಲಿ ಕೂತ. ಹಂಚಿನಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು, ಆ ಕಡೆ ಹೊಳೆಯ ಸದ್ದು ಕೇಳುತ್ತಿತ್ತು. ನಿಧಾನವಾಗಿ ಮುಗಿಸಿ ಕಿಂಡಿಯನ್ನು ಅಲ್ಲಾಡಿಸಿ ನೋಡಿದ.

"ಟೀಚರ್, ಸ್ವಲ್ಪ ಉಳಿದಿದೆ. ಎಲ್ಲಿ ಹಾಕ್ಲಿ?"

ಕರಿಬೇವಿನ ಗಿಡ ತೋರಿಸಿದೆ. ಅದು ಮಳೆಯಲ್ಲಿ ತೊಯ್ದು ಬಗ್ಗಿ ನಿಂತಿತ್ತು. ಅವನು ಗೋಡೆಗೆ ಒರಗಿಸಿದ್ದ ಕೊಡೆ ಬಿಡಿಸಿಕೊಂಡು ಮೆಟ್ಟಿಲು ಇಳಿದು ಹೋಗಿ ಬುಡಕ್ಕೆ ಹಾಕಿ ಬಂದ.